ಹೊಲದ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಪಿಕಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹೊಲ ಅಣ್ಣಿಗೇರಿ ಕಡೆ. ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಜೋಳ. ಇಲ್ಲಿಯವರೆಗೆ ಮೂರು ಹಳೇ ಪಿಕಪ್ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಕೈ ಸುಟ್ಟುಕೊಂಡೆ, ಎರಡನೆಯದು ಏಳು ವರ್ಷ ದುಡಿಯಿತು, ಮೂರನೆಯದು ಈಗಲೂ ಬಾಗಿಲಲ್ಲಿ ನಿಂತಿದೆ. ಊರವರು, ಬೀಗರು ಯಾರು ಹಳೇ ಗಾಡಿ ತಗೊಳ್ಳೋಕೆ ಹೊರಟರೂ ನನಗೊಂದು ಫೋನ್ ಬರುತ್ತದೆ. ಕೇಳೋದು ಹೆಚ್ಚುಕಮ್ಮಿ ಅವೇ ಮಾತು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಮೇಸ್ತ್ರಿ ಅಲ್ಲ, ಏಜೆಂಟನಂತೂ ಅಲ್ಲವೇ ಅಲ್ಲ.

ಟ್ರ್ಯಾಕ್ಟರ್, ಟ್ರೇಲರ್ ಇದೆಯಲ್ಲ, ಮತ್ತೆ ಪಿಕಪ್ ಯಾಕೆ?

ಬೇಡವೂ ಇರಬಹುದು. ಮೊದಲು ಹೋದ ವರ್ಷದ ಲೆಕ್ಕ ಹಾಕಿ. ಬಾಡಿಗೆ ಗಾಡಿ ಎಷ್ಟು ಸಲ ಕರೆಸಿದಿರಿ? ಬರೀ ಸುಗ್ಗಿಯಲ್ಲಿ ಐದಾರು ಸಲ ಅಂದರೆ ಬಾಡಿಗೆಯೇ ಅಗ್ಗ. ಗಾಡಿ ಸುಮ್ನೆ ನಿಂತರೂ ಇನ್ಶೂರೆನ್ಸ್ ನಿಲ್ಲೋದಿಲ್ಲ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ನಿಲ್ಲೋದಿಲ್ಲ, ಬ್ಯಾಟರಿ ಮಾತ್ರ ನಿಲ್ಲುತ್ತದೆ.

ತರಕಾರಿ, ಹೂವು, ಹಾಲು, ಕುರಿ ಇದ್ದವರ ಮಾತು ಬೇರೆ. ವಾರಕ್ಕೆ ಮೂರು ಸಲ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೋ ಗದಗಿಗೋ ಹೋಗುವವರಿಗೆ ಟ್ರ್ಯಾಕ್ಟರ್‌ನಲ್ಲಿ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಮಳೆಯಾದ ಎರೆ ಹೊಲಕ್ಕೆ ಯಾವ ಪಿಕಪ್ಪೂ ಇಳಿಯಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬಿ ಟೈರಿಗೆ ಅಂಟುತ್ತದೆ, ಗುಂಡಿಯೆಲ್ಲ ಮುಚ್ಚಿ ಟೈರ್ ಬೋಳಾಗುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲದವರಿಗೆ ಇಷ್ಟು ತ್ರಾಸಿಲ್ಲ. ಹೊಲದಿಂದ ರಸ್ತೆಗೆ ಟ್ರ್ಯಾಕ್ಟರ್, ರಸ್ತೆಯಿಂದ ಪೇಟೆಗೆ ಪಿಕಪ್. ಟ್ರ್ಯಾಕ್ಟರ್ ಮಾರಿ ಪಿಕಪ್ ತಗೊಳ್ಳುತ್ತೇನೆ ಅನ್ನುವವರನ್ನ ನಾನು ಬೇಡ ಅಂತಲೇ ತಡೆಯುತ್ತೇನೆ.

ಎಷ್ಟು ಟನ್ನಿನ ಗಾಡಿ ಬೇಕಾಗುತ್ತೆ?

ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಎರಡು ತೂಕ ಬರೆದಿರುತ್ತಾರೆ. ಒಂದು ಖಾಲಿ ಗಾಡಿಯದು, ಇನ್ನೊಂದು ಮಾಲು ಸೇರಿದ ಒಟ್ಟು ತೂಕ. ಎರಡರ ನಡುವಿನ ಅಂತರದಲ್ಲಿ ಗಾಡಿಯಲ್ಲಿ ಕೂತ ಜನರ ತೂಕ ಕಳೆದರೆ ಉಳಿಯೋದೇ ಕಾಯ್ದೆ ಪ್ರಕಾರ ಹೇರಬಹುದಾದ ಲೋಡು. ಏಜೆಂಟ್ ಬಾಯಲ್ಲಿ ಬರುವ 'ಎರಡು ಟನ್ ಆರಾಮ ಎಳಿತೈತ್ರಿ' ಅನ್ನೋದು ಆರ್‌ಸಿಯಲ್ಲಿ ಇರೋದಿಲ್ಲ.

ಈಗ ನಿಮ್ಮ ಮಾಲು ಲೆಕ್ಕ ಹಾಕಿ. ಯೂರಿಯಾ ಚೀಲ 45 ಕೆಜಿ, ಡಿಎಪಿ 50 ಕೆಜಿ. 20 ಚೀಲ ಯೂರಿಯಾ ಅಂದರೆ 900 ಕೆಜಿ. ಟಾಟಾ ಏಸ್ ಹೊರುವುದು ಸುಮಾರು 750 ಕೆಜಿ, ಅಂದರೆ ಅದಕ್ಕೆ ಇದೇ ಜಾಸ್ತಿ. ಉಳ್ಳಾಗಡ್ಡಿ, ಗೋವಿನಜೋಳದವರು ಒಂದೂಕಾಲು ಟನ್ನಿಗಿಂತ ಕೆಳಗೆ ನೋಡಬೇಡಿ.

ಮೆಣಸಿನಕಾಯಿ, ಹತ್ತಿಯವರದು ಉಲ್ಟಾ ಲೆಕ್ಕ. ಒಣ ಮೆಣಸಿನಕಾಯಿ ಚೀಲ ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. ಬ್ಯಾಡಗಿ ಮಾರ್ಕೆಟ್‌ಗೆ ಹೊರಟಾಗ ಗಾಡಿಯ ತೂಕದ ಮಿತಿ ಮುಟ್ಟುವ ಮೊದಲೇ ಜಾಗ ಮುಗಿದಿರುತ್ತದೆ. ಅವರಿಗೆ ಟನ್ನಿಗಿಂತ ಬಾಡಿಯ ಉದ್ದ ಮುಖ್ಯ. ಟೇಪ್ ತಗೊಂಡು ಹೋಗಿ ಅಳೆಯಿರಿ. ಸ್ಪ್ರಿಂಕ್ಲರ್ ಪೈಪು 6 ಮೀಟರ್ ಇರುತ್ತದೆ, ಅದು ಯಾವ ಪಿಕಪ್‌ನಲ್ಲೂ ಪೂರ್ತಿ ಹಿಡಿಸಲ್ಲ ಅನ್ನೋದೂ ನೆನಪಿರಲಿ.

ಯಾವ ಕಂಪನಿ ಗಾಡಿ ಒಳ್ಳೇದು?

ನಮ್ಮ ಕಡೆ ಪಿಕಪ್ ಅಂದರೆ ಬೊಲೆರೊ ಪಿಕಪ್ ಅಂತಲೇ ಅರ್ಥ ಆಗಿಹೋಗಿದೆ. 2523 ಸಿಸಿ ಡೀಸೆಲ್ ಎಂಜಿನ್, ಮಾಡೆಲ್ ನೋಡಿಕೊಂಡು ಒಂದೂಕಾಲಿಂದ 1.7 ಟನ್. ಮುಂಡರಗಿಯಿಂದ ಹಾನಗಲ್‌ವರೆಗೆ ಯಾವ ಕ್ರಾಸ್‌ನಲ್ಲಿ ಕೆಟ್ಟು ನಿಂತರೂ ಅದನ್ನ ಬಿಚ್ಚಿ ಗೊತ್ತಿರುವ ಹುಡುಗ ಒಬ್ಬ ಸಿಗುತ್ತಾನೆ. ನಾನು ಇದಕ್ಕೇ ಮೊದಲ ಮಾರ್ಕ್ ಕೊಡೋದು. ಆದರೆ ಬೇಡಿಕೆ ಜಾಸ್ತಿ ಅಂತ ಹಳೇದಕ್ಕೂ ರೇಟು ಜಾಸ್ತಿ.

ಅಶೋಕ್ ಲೇಲ್ಯಾಂಡ್ ದೋಸ್ತ್ 2011ರಲ್ಲಿ ಬಂತು. ಮೂರು ಸಿಲಿಂಡರಿನ ಸುಮಾರು ಒಂದೂವರೆ ಲೀಟರ್ ಎಂಜಿನ್, ಒಂದೂಕಾಲು ಟನ್. ಡೀಸೆಲ್ ಕಡಿಮೆ ಕುಡಿಯುತ್ತದೆ, ಡಾಂಬರು ರಸ್ತೆಗೆ ಚೆಂದ. ನನ್ನ ಎರಡನೇ ಗಾಡಿ ಅದೇ. ಬೊಲೆರೊದಷ್ಟು ಎತ್ತರ ಇಲ್ಲ, ಹೊಲದ ಬದು ದಾಟುವಾಗ ನೋಡಿಕೊಂಡು ದಾಟಬೇಕು. ಟಾಟಾ ಯೋಧ 2017ರದು, ಅದಕ್ಕೂ ಮೊದಲಿನ 207 ಇನ್ನೂ ಅಲ್ಲಲ್ಲಿ ಓಡಾಡುತ್ತವೆ. ಎರಡೂ ಒರಟು ಗಾಡಿ, ಗಟ್ಟಿ ಗಾಡಿ. 2019ರಲ್ಲಿ ಬಂದ ಇಂಟ್ರಾ ಏಸ್‌ಗೂ ಪಿಕಪ್‌ಗೂ ನಡುವಿನದು.

ಏಸ್ ಬಂದದ್ದು 2005ರಲ್ಲಿ. ಮೊದಲಿನವುಗಳಲ್ಲಿ ಎರಡೇ ಸಿಲಿಂಡರ್, 702 ಸಿಸಿ, 16 ಎಚ್‌ಪಿ. ಹಾಲು, ಸೊಪ್ಪು, ಮೇವಿಗೆ ಧಾರಾಳ ಸಾಕು. ಆದರೆ ಏಸ್ ತಗೊಂಡು ಪಿಕಪ್ ಕೆಲಸ ಮಾಡಿಸುವವರೇ ಜಾಸ್ತಿ. ಹಳೇ ಏಸ್ ನೋಡುವಾಗ ಅದನ್ನ ಮನಸ್ಸಿನಲ್ಲಿಟ್ಟುಕೊಂಡೇ ನೋಡಿ. ಮಾರುತಿ ಸೂಪರ್ ಕ್ಯಾರಿಯ ಪೆಟ್ರೋಲ್, ಸಿಎನ್‌ಜಿ ಗಾಡಿಗಳು ಹುಬ್ಬಳ್ಳಿ-ಧಾರವಾಡ ಊರೊಳಗಿನ ಕೆಲಸಕ್ಕೆ ಸರಿ. ಸಿಎನ್‌ಜಿ ಇದ್ದರೆ ಸಿಲಿಂಡರಿನ ಪರೀಕ್ಷೆಯ ತಾರೀಕು ನೋಡಿ. ಮೂರು ವರ್ಷಕ್ಕೊಮ್ಮೆ ಆಗಲೇಬೇಕು.

ಎಷ್ಟು ಕಿಲೋಮೀಟರ್ ಓಡಿದ ಗಾಡಿ ತಗೋಬಹುದು?

ಎಲ್ಲರೂ ಮೊದಲು ಕೇಳೋದು ಇದನ್ನೇ. ನನ್ನ ಪ್ರಕಾರ ಕೊನೆಗೆ ಕೇಳಬೇಕಾದ್ದು ಇದು. ಮೀಟರ್ ತಿರುಗಿಸೋಕೆ ಅರ್ಧ ತಾಸು ಸಾಕು. ಗಾಡಿ ಎಷ್ಟು ಓಡಿದೆ ಅಂತ ಕೇಳೋದಕ್ಕಿಂತ ಏನು ಹೊತ್ತುಕೊಂಡು ಓಡಿದೆ ಅಂತ ಕೇಳಿ.

ದಿನಾ ಬೆಳಿಗ್ಗೆ ಹಾಲಿನ ಕ್ಯಾನ್ ಹೊತ್ತು ಎರಡು ಲಕ್ಷ ಕಿಲೋಮೀಟರ್ ಓಡಿದ ಗಾಡಿ, ಮರಳು ಹೊತ್ತು ಎಪ್ಪತ್ತು ಸಾವಿರ ಓಡಿದ ಗಾಡಿಗಿಂತ ಎಷ್ಟೋ ಮೇಲು. ಹಾಲಿನ ಗಾಡಿಗೆ ಗೊತ್ತಾದ ದಾರಿ, ಗೊತ್ತಾದ ಲೋಡು, ಒಬ್ಬನೇ ಡ್ರೈವರ್. ಒಂದು ದಿನ ಕೆಟ್ಟು ನಿಂತರೂ ಹಾಲು ಒಡೆಯುತ್ತದೆ ಅಂತ ಸರ್ವಿಸ್ ತಪ್ಪಿಸೋದಿಲ್ಲ. ಬಿಸ್ಕತ್ತು, ಬ್ರೆಡ್ಡು, ಔಷಧಿ ಹಂಚುವ ಗಾಡಿಗಳೂ ಹಾಗೇ. ಕ್ಲಚ್ ಸವೆದಿರುತ್ತದೆ, ಬೆನ್ನು ಮುರಿದಿರೋದಿಲ್ಲ.

ತುಂಗಭದ್ರೆಯ ದಂಡೆ ಕಡೆ ಮರಳಿಗೆ ಓಡಿದ ಗಾಡಿಯಾದರೆ ನಾನು ಹತ್ತಿರವೂ ಹೋಗಲ್ಲ. ಒದ್ದೆ ಮರಳಿಗೆ ತೂಕ ಜಾಸ್ತಿ. ಅದನ್ನ ತುಂಬುವವನು ಆರ್‌ಸಿ ನೋಡಿ ತುಂಬಿರೋದಿಲ್ಲ. ಹೊಳೆಯಿಂದ ಏರು ಹತ್ತುವಾಗ ಗೇರ್ ಬಾಕ್ಸು, ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರ) ಎಲ್ಲ ನರಳಿರುತ್ತವೆ. ಇಟ್ಟಂಗಿ, ಕಡಿ, ಸಿಮೆಂಟು ಹೊತ್ತಿದ್ದೂ ಇದೇ ಪೈಕಿ. ಗೊಬ್ಬರದ ಅಂಗಡಿಯ ಗಾಡಿಯಲ್ಲಿ ಬಾಡಿಯ ತಗಡು ಕೆಳಗಿನಿಂದ ತಿಂದಿರುತ್ತದೆ. ಯೂರಿಯಾ, ಡಿಎಪಿ ಪುಡಿ ಉದುರಿ ಅದಕ್ಕೆ ನೀರು ಸೇರಿದರೆ ಕಬ್ಬಿಣಕ್ಕೆ ಕಾಯಿಲೆ. ಆದರೆ ಅದು ರಿಪೇರಿ ಆಗುವ ಕಾಯಿಲೆ, ಬಾಡಿ ಬದಲಾಯಿಸಬಹುದು.

ಹಾಗಂತ ಮೀಟರ್ ನೋಡಲೇಬೇಡಿ ಅಂತಲ್ಲ. ಪೆಡಲ್ಲಿನ ರಬ್ಬರು, ಸ್ಟೇರಿಂಗಿನ ಹೊಳಪು, ಡ್ರೈವರ್ ಸೀಟಿನ ಅಂಚು ನೋಡಿ. ಮೀಟರ್ ನಲವತ್ತು ಸಾವಿರ ಅನ್ನುತ್ತಿದ್ದು ಪೆಡಲ್ಲಿನ ರಬ್ಬರು ಕಬ್ಬಿಣಕ್ಕೆ ಬಂದಿದ್ದರೆ ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಗೊತ್ತಾಗುತ್ತೆ ಅಲ್ವಾ? ಕಂಪನಿ ಸರ್ವಿಸ್ ಆಗಿದ್ದರೆ ಮಾಲೀಕರನ್ನ ಜೊತೆಗೆ ಕರಕೊಂಡು ಹೋಗಿ ಹಳೇ ಜಾಬ್ ಕಾರ್ಡ್ ಕೇಳಿ. ಅದರಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ.

ಮೊದಲ ಗಾಡಿಯಲ್ಲಿ ಕೈ ಸುಟ್ಟುಕೊಂಡೆ ಅಂದಿರಲ್ಲ, ಏನಾಯ್ತು?

ಹೇಳೋಕೆ ನಾಚಿಕೆ. ಗಾಡಿ ಹೊಳೀತಿತ್ತು. ಹೊಸ ಪೇಂಟು, ಹೊಸ ಸೀಟ್ ಕವರು, ಮುಂದೆ ದೊಡ್ಡ ಹಾರ. ಜೊತೆಗೆ ಬಂದಿದ್ದ ಕಾಕಾ 'ಚಾಸಿ ಅಡಿಯಾಗ ಒಮ್ಮೆ ನೋಡೋ' ಅಂದರು. ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ, ಬಗ್ಗಲಿಲ್ಲ. ಮಾರಿದವನು 'ಗಾಡಿ ಕಲ್ಲ ಇದ್ದಂಗ ಐತ್ರಿ' ಅಂದ. ನಂಬಿದೆ.

ಜೂನ್‌ನಲ್ಲಿ ಮೊದಲ ಮಳೆ ಬಿತ್ತು. ಬಾಡಿಯಿಂದ ಮೀನಿನ ವಾಸನೆ ಎದ್ದಿತು. ಹೆಸರು ಬೀಜದ ಚೀಲ ಹೇರಿದ್ದೆವು, ಅವಕ್ಕೂ ಹಿಡಿಯಿತು. ಕರಾವಳಿಯಿಂದ ಅರಬೈಲು ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಮೀನು ತರುತ್ತಿದ್ದ ಗಾಡಿ ಅಂತ ಆಮೇಲೆ ಗೊತ್ತಾಯಿತು. ಮಂಜುಗಡ್ಡೆ ಕರಗಿದ ಉಪ್ಪು ನೀರು ವರ್ಷಗಟ್ಟಲೆ ಸೋರಿ ಚಾಸಿಯನ್ನ ಒಳಗಿಂದಲೇ ತಿಂದಿತ್ತು. ಮೇಸ್ತ್ರಿ ಸ್ಕ್ರೂ ಡ್ರೈವರ್‌ನಿಂದ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಎರಡು ಕಡೆ ವೆಲ್ಡಿಂಗ್ ಮಾಡಿ ಮೇಲೆ ಕರಿ ಪೇಂಟು ಬಳಿದಿದ್ದರು. ಹನ್ನೊಂದು ತಿಂಗಳಿಗೆ ತಗೊಂಡ ರೇಟಿನ ಅರ್ಧಕ್ಕೂ ಕಡಿಮೆಗೆ ಕೊಟ್ಟು ಕೈ ತೊಳೆದುಕೊಂಡೆ. ಇದ್ದದ್ದು ಇದ್ದಂಗೆ ಹೇಳಿಯೇ ಕೊಟ್ಟೆ.

ಗಾಡಿ ನೋಡೋಕೆ ಹೋದಾಗ ಮೊದಲು ಏನು ನೋಡಬೇಕು?

ಹಳೇ ಅಂಗಿ ಹಾಕಿಕೊಂಡು ಹೋಗಿ. ಒಂದು ಗೋಣಿಚೀಲ, ಟಾರ್ಚು, ಸಣ್ಣ ಸುತ್ತಿಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಹೋಗಿ, ಹೋಗುವ ಮೊದಲು 'ಗಾಡಿ ಚಾಲೂ ಮಾಡಬೇಡ್ರಿ' ಅಂತ ಫೋನ್ ಮಾಡಿ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಅವರು ಏನೋ ಮುಚ್ಚಿಡುತ್ತಿದ್ದಾರೆ. ಚಹಾ ಕುಡಿದು ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ.

ಚಾಸಿಯೇ (ಗಾಡಿಯನ್ನ ಹೊತ್ತ ಅಡಿಯ ಕಬ್ಬಿಣದ ಚೌಕಟ್ಟು) ಮೊದಲು. ಗೋಣಿಚೀಲ ಹಾಸಿ ಅಡಿಗೆ ಹೋಗಿ. ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಜಾಗ, ಪಾಟಾ (ಎಲೆ ಎಲೆಯಾಗಿ ಜೋಡಿಸಿದ ಸ್ಪ್ರಿಂಗು) ಕೂತಿರುವ ಬ್ರಾಕೆಟ್, ಹಿಂದಿನ ಕ್ರಾಸ್ ಮೆಂಬರ್ ನೋಡಿ. ಓವರ್‌ಲೋಡ್ ಆದ ಗಾಡಿ ಬಿರುಕು ಬಿಡೋದು ಹೆಚ್ಚಾಗಿ ಇಲ್ಲೇ. ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ಹಿಡಿದದ್ದು ಥಪ್ ಅನ್ನುತ್ತದೆ. ಒಂದು ಕಡೆ ಮಾತ್ರ ಹೊಸ ಕರಿ ಪೇಂಟು ಕಂಡರೆ ಅಲ್ಲಿ ಎರಡು ಸಲ ನೋಡಿ.

ಪಾಟಾದ ಎಲೆ ಎಣಿಸಿ. ಎಡಕ್ಕೂ ಬಲಕ್ಕೂ ಸಮ ಇರಬೇಕು. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಎಲೆ ಜಾಸ್ತಿ ಇದ್ದರೆ ಗಾಡಿ ಮಿತಿ ಮೀರಿ ಹೊತ್ತಿದೆ ಅಂತ ಬರೆದುಕೊಟ್ಟ ಹಾಗೆ. ಆಮೇಲೆ ಸಮನಾದ ನೆಲದಲ್ಲಿ ನಿಲ್ಲಿಸಿ ಹಿಂದೆ ಹತ್ತು ಹೆಜ್ಜೆ ಹೋಗಿ ನೋಡಿ. ಒಂದು ಕಡೆ ವಾಲಿದೆಯಾ? ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇದೆಯಾ?

ಟೈರಿನಲ್ಲಿ ನಾಲ್ಕು ಅಂಕಿಯ ಒಂದು ಅಚ್ಚು ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗುಂಡಿ ಚೆನ್ನಾಗಿದೆ ಅಂತ ಮೋಸಹೋಗಬೇಡಿ. ರೀಬಟನ್ ಮಾಡಿಸಿದ, ಅಂದರೆ ಸವೆದದ್ದಕ್ಕೆ ಮೇಲೆ ಹೊಸ ರಬ್ಬರು ಕೂರಿಸಿದ ಟೈರ್ ಆಗಿರಬಹುದು, ಅಂಚಿನಲ್ಲಿ ಜೋಡಣೆಯ ಗೆರೆ ಕಾಣುತ್ತದೆ. ಮುಂದಿನ ಟೈರ್ ಒಂದೇ ಪಕ್ಕ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿರಬಹುದು, ಇಲ್ಲವೇ ಗಾಡಿ ಎಲ್ಲೋ ಗುದ್ದಿರಬಹುದು.

ಎಂಜಿನ್ ಚೆನ್ನಾಗಿದೆಯಾ ಅಂತ ಮೇಸ್ತ್ರಿ ಇಲ್ಲದೆ ತಿಳಿಯಬಹುದಾ?

ಅರ್ಧ ತಿಳಿಯಬಹುದು. ತಣ್ಣಗಿನ ಎಂಜಿನ್ ಚಾಲೂ ಮಾಡಿಸಿ, ನೀವು ಸೈಲೆನ್ಸರ್ ಹತ್ತಿರ ನಿಲ್ಲಿ. ಶುರುವಿನಲ್ಲಿ ತುಸು ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ, ಬೋರು-ರಿಂಗಿನ ಕೆಲಸ ಕಾದಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜೆಕ್ಟರ್ ತಂಟೆ ಇರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಒಳಗೆ ಇಳಿಯುತ್ತಿರಬಹುದು. ಕಪ್ಪು ಹೊಗೆಗೆ ಕೆಲವು ಸಲ ಏರ್ ಫಿಲ್ಟರ್ ಕಟ್ಟಿದ್ದೇ ಕಾರಣ, ಅದು ಸಣ್ಣ ಖರ್ಚು.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಮೇಲೆ ಹಾಗೇ ಇಡಿ. ಮುಚ್ಚಳ ಕುಣಿದರೆ, ಹೊಗೆ ಬುಸುಬುಸು ಅಂತ ಎದ್ದರೆ ಮೇಸ್ತ್ರಿಗಳು 'ಬ್ಯಾಕ್ ಕಂಪ್ರೆಶನ್' ಅನ್ನುತ್ತಾರೆ. ಎಂಜಿನ್ ಇಳಿಸಬೇಕಾಗುತ್ತದೆ. ಮುಚ್ಚಳದ ಒಳಮೈಯಲ್ಲಿ ಹಾಲಿನ ಕೆನೆಯಂಥದ್ದು ಅಂಟಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು. ರೇಡಿಯೇಟರ್ ಮುಚ್ಚಳವನ್ನ ಎಂಜಿನ್ ತಣ್ಣಗಿದ್ದಾಗಲೇ ತೆಗೆದು ನೋಡಿ. ಬಿಸಿ ಇದ್ದಾಗ ತೆಗೆದರೆ ಮುಖ ಸುಡುತ್ತದೆ.

ಇಷ್ಟಾದ ಮೇಲೂ ಮೇಸ್ತ್ರಿಯನ್ನ ಕರಕೊಂಡು ಹೋಗಿ. ಗಾಡಿ ಮಾರುವವನು ತೋರಿಸಿದ ಮೇಸ್ತ್ರಿ ಬೇಡ, ನಿಮ್ಮೂರಿನವನು. ಒಂದು ದಿನದ ಕೂಲಿ, ಊಟ ಕೊಟ್ಟರೆ ಲಕ್ಷ ಉಳಿಯುತ್ತದೆ.

ಓಡಿಸಿ ನೋಡುವಾಗ ಖಾಲಿ ಗಾಡಿ ಸಾಕಾ?

ಸಾಲದು. ಖಾಲಿ ಪಿಕಪ್ ಎಲ್ಲವೂ ಕುದುರೆಯೇ. ಹೇಗಾದರೂ ಮಾಡಿ ಹತ್ತಿಪ್ಪತ್ತು ಚೀಲ ಹೇರಿಸಿ. ಎಪಿಎಂಸಿ ಹತ್ತಿರ ನೋಡುತ್ತಿದ್ದರೆ ಇದು ಕಷ್ಟವೇನಲ್ಲ. ಒಂದು ರೈಲ್ವೆ ಮೇಲ್ಸೇತುವೆ ಹತ್ತಿಸಿ, ಏರಿನ ನಡುವೆ ನಿಲ್ಲಿಸಿ, ಮತ್ತೆ ಎತ್ತಿ. ಕ್ಲಚ್ ಜಾರಿದರೆ ಎಂಜಿನ್ ಕೂಗುತ್ತದೆ, ಗಾಡಿ ಏಳೋದಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರಲ್ಲಿ ಬಿಟ್ಟು ಆಕ್ಸಿಲರೇಟರ್ ಮುಟ್ಟಬೇಡಿ. ಗೇರ್ ತಾನೇ ಹೊರಗೆ ಹಾರಿದರೆ ಗೇರ್ ಬಾಕ್ಸ್ ಬಿಚ್ಚಬೇಕು.

ಹಿಂದಿನಿಂದ ಗುಂಯ್ ಅನ್ನುವ ಸದ್ದು ವೇಗ ಏರಿದಂತೆ ಏರಿದರೆ ಡಿಫರೆನ್ಸಿಯಲ್ ಕಡೆ ಅನುಮಾನ ಪಡಿ. ಗಾಡಿ ಎತ್ತುವಾಗ ಅಡಿಯಲ್ಲಿ 'ಟಕ್' ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅದು ಚಿಕ್ಕ ಕೆಲಸ. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯಬಾರದು. ಟೇಪ್ ರೆಕಾರ್ಡರ್ ಬಂದ್ ಮಾಡಿಸಿ. ಮಾರುವವರು ಹಾಡು ಹಾಕೋದು ಸುಮ್ನೆ ಅಲ್ಲ.

ಬಿಎಸ್-4 ತಗೊಳ್ಳಲೋ, ಬಿಎಸ್-6 ತಗೊಳ್ಳಲೋ?

ಬಿಎಸ್ ಅನ್ನೋದು ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ. ದೇಶದ ತುಂಬ ಬಿಎಸ್-4 ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ಕ್ಕೆ. ಆದ್ದರಿಂದ ಆರ್‌ಸಿಯ ತಾರೀಕು ನೋಡಿದರೆ ಹೆಚ್ಚುಕಮ್ಮಿ ಗೊತ್ತಾಗುತ್ತದೆ.

ಬಿಎಸ್-6 ಡೀಸೆಲ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ಅದು ಆಗಾಗ ಬಿಸಿಯಾಗಿ ಮಸಿಯನ್ನ ಸುಟ್ಟುಕೊಳ್ಳಬೇಕು. ಅದಕ್ಕೆ ಒಂದಷ್ಟು ಹೊತ್ತು ಬಿಡದೆ ಓಡಬೇಕು. ಮನೆಯಿಂದ ಹೊಲಕ್ಕೆ ಎರಡು ಕಿಲೋಮೀಟರ್, ಮತ್ತೆ ವಾಪಸ್ ಅಂತ ಬರೀ ಹಂಗೇ ಓಡಿಸಿದರೆ ಫಿಲ್ಟರ್ ಕಟ್ಟಿ ದೀಪ ಹತ್ತುತ್ತದೆ. ವಾರಕ್ಕೊಮ್ಮೆ ಹೆದ್ದಾರಿಗೆ ಹೋಗುವವರಿಗೆ ತೊಂದರೆ ಇಲ್ಲ. ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್, ತಳದಲ್ಲಿ ನೀರು ಕೂತದ್ದು, ಈ ಗಾಡಿಗಳಿಗೆ ವಿಷ. ಊರ ಮೇಸ್ತ್ರಿ ಕೈಯಲ್ಲೇ ಎಲ್ಲ ಆಗಬೇಕು ಅನ್ನುವವರಿಗೆ ನಾನು ಬಿಎಸ್-4 ಅನ್ನುತ್ತೇನೆ. ನನ್ನ ಈಗಿನದು 2018ರದು.

ಡೀಸೆಲ್ ಗಾಡಿ 10 ವರ್ಷಕ್ಕೆ ಗುಜರಿಗೆ ಹೋಗುತ್ತಂತೆ, ಹೌದಾ?

ಆ 10 ವರ್ಷದ ಗಲಾಟೆ ದಿಲ್ಲಿ ಸುತ್ತಮುತ್ತಲಿನದು. ನಮ್ಮಲ್ಲಿ ಎಫ್‌ಸಿ ಆಗುವವರೆಗೆ ಓಡಬಹುದು. ಆದರೆ ಸರಕು ಗಾಡಿಗೆ 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಬೇಕು. ಗಾಡಿ ಹಳೇದಾದಷ್ಟೂ ಶುಲ್ಕವೂ ಏರುತ್ತದೆ. ಎಫ್‌ಸಿ ಮುಗಿದ ಗಾಡಿ ತೋರಿಸಿ 'ನೀವೇ ಮಾಡಿಸ್ಕೊಳ್ರಿ, ಹತ್ತು ಸಾವಿರ ಕಡಿಮಿ ಕೊಡ್ರಿ' ಅಂದರೆ ಒಪ್ಪಬೇಡಿ. ಅವರೇ ಮಾಡಿಸಿ ಕೊಡಲಿ, ಬೇಕಾದರೆ ಹತ್ತು ಸಾವಿರ ಜಾಸ್ತಿ ಕೊಡಿ.

ಕಾಗದಪತ್ರದಲ್ಲಿ ಏನೇನು ನೋಡಬೇಕು?

ಮೊದಲು ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಎಫ್‌ಸಿ, ಇನ್ಶೂರೆನ್ಸ್ ಎಂದಿನವರೆಗೆ, ಸಾಲ ಇದೆಯಾ, ಎಲ್ಲ ತೋರಿಸುತ್ತದೆ. ತೆರಿಗೆ, ದಂಡದ ಇ-ಚಲನ್ ಬಾಕಿ ಬೇರೆಯಾಗಿ ನೋಡಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯ ಜೊತೆ ಹೋಲಿಸಿ. ಎಂಜಿನ್ ನಂಬರೂ ಹಾಗೇ. ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ಬರೆಸದ ಗಾಡಿಗಳಿವೆ.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಮಾರಿದವರು 14 ದಿನದೊಳಗೆ, ತಗೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋಕೆ 14 ದಿನ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರ್ಮ್ 31. 'ಅಪ್ಪನ ಹೆಸರಲ್ಲಿ ಐತಿ, ಸಹಿ ನಾ ಮಾಡ್ತೀನಿ' ಅಂದರೆ ಎದ್ದು ಬನ್ನಿ.

ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಅಂದರೆ ದುಡ್ಡು ಕೊಟ್ಟು, ಖಾಲಿ ಫಾರ್ಮ್ ಮೇಲೆ ಸಹಿ ತಗೊಂಡು, ಎರಡು ವರ್ಷ ಹಂಗೇ ಓಡಿಸೋದು. ಅಪಘಾತ ಆದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರ ಮೇಲೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾರುವವರಿಗೆ ಇದು ಗಂಡಾಂತರ. ಕೊಂಡವರಿಗೂ ಸುಖವಿಲ್ಲ, ಗಾಡಿ ಜಖಂ ಆದರೆ ಇನ್ಶೂರೆನ್ಸಿನವರು ಹೆಸರಿಲ್ಲ ಅಂತ ಕೈ ಎತ್ತುತ್ತಾರೆ.

ಇನ್ನೊಂದು ಸಂಗತಿ ಆ್ಯಪ್‌ನಲ್ಲಿ ಸಿಗಲ್ಲ. ಮರಳಿನ ಕೇಸು, ದನದ ಕೇಸು, ಅಪಘಾತದ ಕೇಸಿನಲ್ಲಿ ಪೊಲೀಸರು ಹಿಡಿದು, ಕೋರ್ಟಿನಿಂದ ಬಾಂಡ್ ಮೇಲೆ ಬಿಡಿಸಿಕೊಂಡು ಬಂದ ಗಾಡಿ ಇರುತ್ತದೆ. ಮಾರಬಾರದು, ರೂಪ ಬದಲಿಸಬಾರದು ಅಂತ ಷರತ್ತು ಹಾಕಿ ಬಿಟ್ಟಿರುತ್ತಾರೆ. ಗಾಡಿ ಇರುವ ಊರಿನ ಸ್ಟೇಷನ್ನಿನಲ್ಲಿ, ಅಲ್ಲಿನ ಚಹಾದಂಗಡಿಯಲ್ಲಿ ವಿಚಾರಿಸಿ. ಎರಡನೆಯದರಲ್ಲಿ ಸುದ್ದಿ ಬೇಗ ಸಿಗುತ್ತದೆ.

ಫೈನಾನ್ಸಿನವರು ಸೀಜ್ ಮಾಡಿದ ಗಾಡಿ ಅಗ್ಗಕ್ಕೆ ಸಿಗುತ್ತೆ, ತಗೋಬಹುದಾ?

ಮೇಸ್ತ್ರಿ ಜೊತೆಗಿದ್ದರೆ ನೋಡಬಹುದು. ಕಂತು ಕಟ್ಟೋಕೆ ಆಗದವನು ಆಯಿಲ್ ಬದಲಾಯಿಸಿರುತ್ತಾನಾ? ಅದೂ ಅಲ್ಲದೆ ಯಾರ್ಡಿನಲ್ಲಿ ಬಿಸಿಲು ಮಳೆಗೆ ತಿಂಗಳುಗಟ್ಟಲೆ ನಿಂತಿರುತ್ತದೆ, ಓಡಿಸಿ ನೋಡೋಕೂ ಬಿಡೋದಿಲ್ಲ. ಸಾಲ ಇರುವ ಯಾವ ಗಾಡಿಯೇ ಆಗಲಿ, ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಮಹಾರಾಷ್ಟ್ರ, ಗೋವಾ ಪಾಸಿಂಗ್ ಗಾಡಿ?

ಗೋವಾದ್ದು ಅಂದರೆ ಮತ್ತೆ ಕಡಲ ಗಾಳಿ, ತುಕ್ಕು. ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ನಂಬರ್ ಬದಲಾಗಬೇಕು. ಕೆಎ 25, 26, 27, 63ರಲ್ಲೇ ಬೇಕಾದಷ್ಟು ಗಾಡಿ ಇವೆ.

ನನ್ನ ಹತ್ತಿರ ಕಾರಿನ ಲೈಸೆನ್ಸ್ ಇದೆ. ಹಳದಿ ಬೋರ್ಡ್ ಪಿಕಪ್ ಓಡಿಸಬಹುದಾ? ಪರ್ಮಿಟ್ ಬೇಕಾ?

ಓಡಿಸಬಹುದು. ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕೆಜಿಗಿಂತ ಕಡಿಮೆ ತೂಕದ ಸರಕು ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಪರ್ಮಿಟ್ಟಿನ ವಿಷಯಕ್ಕೆ ಬಂದರೆ, ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲೇ ವಿನಾಯಿತಿ ಇದೆ. ದೊಡ್ಡ ಮಾಡೆಲ್ ಪಿಕಪ್‌ಗಳು ಈ ಗೆರೆ ದಾಟುತ್ತವೆ. 1.7 ಟನ್ನಿನದನ್ನ ಆಸೆಪಟ್ಟು ತಗೊಳ್ಳುವ ಮೊದಲು ಆರ್‌ಸಿಯ ಒಟ್ಟು ತೂಕ ನೋಡಿ. ಸ್ವಂತ ಮಾಲಿಗೆ ಅಷ್ಟು ದೊಡ್ಡದು ಬೇಕಾ ಅಂತ ಆಗ ಯೋಚನೆ ಮಾಡಿ.

ಕಳೆ ತೆಗೆಯೋಕೆ ಆಳುಗಳನ್ನ ಹಿಂದೆ ಕೂರಿಸಿಕೊಂಡು ಬರಬಹುದಾ? ಎಲ್ಲರೂ ಮಾಡ್ತಾರಲ್ಲ.

ಎಲ್ಲರೂ ಮಾಡುತ್ತಾರೆ, ನಿಜ. ಬೆಳಿಗ್ಗೆ ಏಳಕ್ಕೆ ಯಾವ ರಸ್ತೆಗೆ ನಿಂತರೂ ಇಪ್ಪತ್ತು ಜನ ಹೆಣ್ಣುಮಕ್ಕಳು ನಿಂತುಕೊಂಡು ಹೋಗುವ ಪಿಕಪ್ ಕಾಣುತ್ತದೆ. ಆದರೆ ಇದು ಸರಕು ಗಾಡಿ. ಉರುಳಿದರೆ ಹಿಂದೆ ಇದ್ದವರ ಪರಿಹಾರಕ್ಕೆ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯುತ್ತದೆ. ಆಮೇಲೆ ಹೊಣೆ ಹೊಲದ ಪಹಣಿ ಹಿಡಿದುಕೊಂಡು ನಿಂತ ನಿಮ್ಮ ಮೇಲೇ ಬರುತ್ತದೆ. ಆಳುಗಳಿಗೆ ಟಂಟಂ (ಜನ ಕೂರುವ ಮೂರು ಚಕ್ರದ ಗಾಡಿ) ಮಾಡಿಸಿ, ಬಾಡಿಗೆ ಕೊಡಿ. ಈ ವಿಷಯದಲ್ಲಿ ನಾನು ಹಟಮಾರಿ. ನಮ್ಮೂರಲ್ಲಿ ಇದಕ್ಕೆ ನನ್ನನ್ನ ನಗುತ್ತಾರೆ.

ಪಾಟಾ ಎಲೆ ಹೆಚ್ಚಿಸಿ ಇನ್ನೊಂದರ್ಧ ಟನ್ ಹೇರಬಹುದಲ್ಲ?

ಪಾಟಾ ತಡೆಯುತ್ತದೆ, ಬ್ರೇಕು ತಡೆಯಲ್ಲ. ಎಲೆ ಹೆಚ್ಚಿಸಿದರೆ ಬ್ರೇಕು, ಆಕ್ಸಲ್ಲು, ಬೇರಿಂಗು ದೊಡ್ಡದಾಗೋದಿಲ್ಲ. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ದಂಡ ಇದೆ. ಜಾಸ್ತಿ ಮಾಲು ಅಲ್ಲೇ ಇಳಿಸುವ ಖರ್ಚೂ ನಿಮ್ಮದೇ.

ರೇಟು ಯಾವಾಗ ಕಡಿಮೆ ಇರುತ್ತೆ? ಸಾಲ ಸಿಗುತ್ತಾ?

ದಸರಾ, ದೀಪಾವಳಿ, ಯುಗಾದಿ ಹತ್ತಿರ ಹೋಗಬೇಡಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಜನರ ಕೈಯಲ್ಲಿ ದುಡ್ಡಿರುತ್ತದೆ, ರೇಟೂ ಮೇಲಿರುತ್ತದೆ. ನನ್ನ ಅನುಭವದಲ್ಲಿ ಜುಲೈ, ಆಗಸ್ಟ್ ಒಳ್ಳೆಯ ಕಾಲ. ಬಾಡಿಗೆ ಇಲ್ಲದೆ ಗಾಡಿ ನಿಂತಿರುತ್ತವೆ, ಮಕ್ಕಳ ಶಾಲೆ ಫೀ ಬಂದಿರುತ್ತದೆ. ಮಳೆಯಲ್ಲಿ ನೋಡಿದರೆ ಕ್ಯಾಬಿನ್ ಎಲ್ಲಿ ಸೋರುತ್ತದೆ ಅಂತಲೂ ಗೊತ್ತಾಗುತ್ತದೆ. ಸಾಧ್ಯವಾದರೆ ಏಜೆಂಟ್ ಬಿಟ್ಟು ಓಡಿಸಿದವರ ಹತ್ತಿರವೇ ತಗೊಳ್ಳಿ. ಮಾಲೀಕರಿಗಿಂತ ಡ್ರೈವರ್ ಜೊತೆ ಐದು ನಿಮಿಷ ಮಾತಾಡಿದರೆ ಗಾಡಿಯ ಜಾತಕವೇ ಸಿಗುತ್ತದೆ.

ಹಳೇ ಗಾಡಿ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಜಾಸ್ತಿ, ಅವಧಿ ಕಡಿಮೆ. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಪಿಕಪ್ ವ್ಯಾನಿಗೆ 7 ಲಕ್ಷದವರೆಗೆ ಶೇ 4ರ ಬಡ್ಡಿಯ ಸಾಲ ಅಂತ ಹೇಳಿದ್ದು ಗುಡ್ಡಗಾಡು ಪ್ರದೇಶದ ರೈತರಿಗೆ. ಅದನ್ನ ನಂಬಿಕೊಂಡು ಅಡ್ವಾನ್ಸ್ ಕೊಡಬೇಡಿ, ಮೊದಲು ಸೊಸೈಟಿಯಲ್ಲಿ ಕೇಳಿ. ಕೈಯಲ್ಲಿರುವ ದುಡ್ಡಿನಲ್ಲಿ ಹತ್ತರಲ್ಲಿ ಒಂದೂವರೆ ಪಾಲು ತೆಗೆದಿಟ್ಟು ಉಳಿದದ್ದರಲ್ಲಿ ಗಾಡಿ ನೋಡಿ.

ಆ ಒಂದೂವರೆ ಪಾಲು ಯಾತಕ್ಕೆ?

ತಂದ ವಾರದಲ್ಲೇ ಎಂಜಿನ್ ಆಯಿಲ್, ಗೇರ್ ಆಯಿಲ್, ಹೌಸಿಂಗ್ (ಡಿಫರೆನ್ಸಿಯಲ್) ಆಯಿಲ್, ಮೂರೂ ಫಿಲ್ಟರ್, ಕೂಲಂಟ್, ಫ್ಯಾನ್ ಬೆಲ್ಟ್, ಬ್ರೇಕ್ ಆಯಿಲ್ ಬದಲಾಯಿಸಿ. 'ಮೊನ್ನೆನ ಮಾಡಿಸೀನ್ರಿ' ಅಂದಿದ್ದರೂ ಬದಲಾಯಿಸಿ. ನಾಲ್ಕೂ ಚಕ್ರ ಬಿಚ್ಚಿಸಿ ಬೇರಿಂಗಿಗೆ ಗ್ರೀಸ್ ಹಾಕಿಸಿ. ಹೊಸ ತಾಡಪತ್ರಿ, ಗಟ್ಟಿ ಹಗ್ಗ, ಒಳ್ಳೆಯ ಜ್ಯಾಕ್ ತಗೊಳ್ಳಿ. ಹಳೇ ಗಾಡಿ ಜೊತೆ ಬರುವ ಜ್ಯಾಕ್ ಬರೀ ತೋರಿಸೋಕೆ ಇರುವಂಥದ್ದು. ಆಮೇಲೆ ಉಣಕಲ್ ಚಂದ್ರಮೌಳೇಶ್ವರಕ್ಕೋ ಸಿದ್ಧಾರೂಢ ಮಠಕ್ಕೋ ಹೋಗಿ ಕಾಯಿ ಒಡೆಸಿಕೊಂಡು ಬನ್ನಿ, ಅದು ನಿಮ್ಮಿಷ್ಟ.

ಇಷ್ಟೆಲ್ಲ ಹೇಳಿದರೂ ಗಾಡಿ ಎರೆ ಹೊಲದಲ್ಲಿ ಸಿಕ್ಕಿಬಿತ್ತು. ಏನು ಮಾಡಲಿ?

ಆಕ್ಸಿಲರೇಟರ್ ಒತ್ತಬೇಡಿ. ಒತ್ತಿದಷ್ಟೂ ಹೂಳುತ್ತದೆ. ಪಿಕಪ್‌ಗೆ ಹಿಂದಿನ ಚಕ್ರ ಮಾತ್ರ ಎಳೆಯೋದು, ಖಾಲಿ ಇದ್ದಾಗ ಅಲ್ಲಿ ಭಾರವೇ ಇರಲ್ಲ. ನಾಲ್ಕು ಚೀಲ ಮಣ್ಣು ತುಂಬಿ ಹಿಂದಿನ ಆಕ್ಸಲ್ ಮೇಲೆ ಇಡಿ. ಟೈರ್ ಗಾಳಿ ಸ್ವಲ್ಪ ಇಳಿಸಿ. ಚಕ್ರದ ಮುಂದಿನ ಕೆಸರು ತೆಗೆದು ಹತ್ತಿಕಟ್ಟಿಗೆ, ಜೋಳದ ದಂಟು ಏನಿದೆಯೋ ಹಾಕಿ, ಎರಡನೇ ಗೇರಲ್ಲಿ ಮೆಲ್ಲಗೆ ಎತ್ತಿ. ಆಗದಿದ್ದರೆ ಟ್ರ್ಯಾಕ್ಟರ್ ಇದ್ದವರಿಗೆ ಫೋನ್ ಮಾಡಿ. ಹಗ್ಗವನ್ನ ಬಂಪರಿಗೆ ಕಟ್ಟಬೇಡಿ, ಬಂಪರ್ ಒಂದೇ ಈಚೆ ಬರುತ್ತದೆ. ಚಾಸಿಯ ಕೊಕ್ಕೆಗೆ ಕಟ್ಟಿ.